ಶ್ರವಣಕುಮಾರನ ಹೆಗಲು

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಸಂಜೆಯ ಹೊತ್ತು ಎರಡು ಬಗೆಯ ತರುಣರು ಕಾಣಸಿಗುತ್ತಾರೆ. ಹೆಗಲಿಗೆ ಚೀಲ ಏರಿಸಿ, ಬೆಂಗಳೂರಿನ ಕಡೆಗೋ ಸೊಲ್ಲಾಪುರದ ಕಡೆಗೋ ಹೊರಡುವ ಗಾಡಿಯನ್ನು ಹಿಡಿಯಲು ನಿಲ್ದಾಣದತ್ತ ಧಾವಿಸುವವರು ಒಂದು ಬಗೆ. ಅದೇ ರಸ್ತೆಯಲ್ಲಿ ಅವರಿಗೆ ಎದುರಾಗಿ, ಔಷಧದ ಅಂಗಡಿಯಿಂದ ಮನೆಯ ಕಡೆಗೆ ಬೇಗಬೇಗನೆ ಹೆಜ್ಜೆ ಹಾಕುವವರು ಇನ್ನೊಂದು ಬಗೆ. ಇವರ ಕೈಯಲ್ಲಿ ಗುಳಿಗೆಗಳ ಪೊಟ್ಟಣ, ಒಂದು ಎಳನೀರು, ಕೆಲವೊಮ್ಮೆ ದೊಡ್ಡವರಿಗೆ ಕಟ್ಟುವ ಡೈಪರಿನ ಕಟ್ಟು. ಅದನ್ನು ಯಾರಿಗೂ ಕಾಣದಂತೆ ಹಳೆಯ ಪತ್ರಿಕೆಯಲ್ಲಿ ಸುತ್ತಿಸಿಕೊಂಡಿರುತ್ತಾರೆ. ಮೊದಲನೆಯವರ ಪರೀಕ್ಷೆ, ಉದ್ಯೋಗ, ವಿವಾಹಗಳ ವಿಷಯವಾಗಿ ಬರೆಯದ ಪತ್ರಿಕೆಯಿಲ್ಲ, ಉಪದೇಶಿಸದ ಹಿರಿಯರಿಲ್ಲ. ಎರಡನೆಯವರು ಎದುರಾದಾಗ ಮಾತ್ರ ಎಲ್ಲರ ನಾಲಿಗೆಯ ಮೇಲೂ ಒಂದೇ ಒಂದು ಪ್ರಶ್ನೆ ಸಿದ್ಧವಾಗಿರುತ್ತದೆ.

“ನಿಮ್ಮ ಅಪ್ಪಾರು ಹೆಂಗದಾರಪಾ?”

“ಅರಾಮ ಅದಾರ್ರೀ ಕಾಕಾ.”

ಕೇಳಿದವರು ತಲೆದೂಗಿ ಮುಂದೆ ಹೋಗುತ್ತಾರೆ. ಉತ್ತರ ಹೇಳಿದವನು ಹೇಗಿದ್ದಾನೆಂದು ಕೇಳುವ ಪದ್ಧತಿ ಇಲ್ಲ. ಅವನು ತನ್ನ ಕಾಲ ಮೇಲೆ ನಿಂತಿದ್ದಾನೆ, ಕೈಯಲ್ಲಿರುವ ಔಷಧ ಅವನದಲ್ಲ. ಅಂದ ಮೇಲೆ ಅವನು ಆರೋಗ್ಯವಂತನೆಂದೇ ಲೆಕ್ಕ.

ಇಂಥವರು ವಿರಳರೆಂದು ತಿಳಿಯಬಾರದು. ಲಕ್ವಾ ಹೊಡೆದು ಬಲಭಾಗದ ಸ್ವಾಧೀನ ತಪ್ಪಿದ ತಂದೆ. ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ನಾಲ್ಕು ಗಂಟೆಯಂತೆ ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಮಲಗಬೇಕಾದ ತಾಯಿ. ವರ್ಷಾನುಗಟ್ಟಲೆ ಮನೋವ್ಯಾಧಿಯಿಂದ ಬಳಲುವ ಅಣ್ಣ. ಹೊತ್ತುಗೊತ್ತಿನ ಅರಿವಳಿದು ನಡುರಾತ್ರಿ ಬಾಗಿಲು ತೆಗೆದು ತವರಿಗೆ ಹೊರಟು ನಿಲ್ಲುವ ಅಜ್ಜಿ—ಇಂಥ ಒಬ್ಬರಿರುವ ಮನೆ ಯಾವ ಓಣಿಯಲ್ಲಿ ಇಲ್ಲ? ಆ ಮನೆಯ ಇಪ್ಪತ್ತು ಇಪ್ಪತ್ತೈದರ ಮಗನೋ ಮಗಳೋ ಓದನ್ನು ಅರ್ಧಕ್ಕೆ ಬಿಟ್ಟು, ಇಲ್ಲವೆ ಊರು ಬಿಟ್ಟು ಹೋಗಬೇಕಾದ ನೌಕರಿಯನ್ನು ಬೇಡವೆಂದು ಬರೆದು ಕಳಿಸಿ, ಜೋಪಾನಕ್ಕೆ ನಿಂತಿರುತ್ತಾರೆ. ಹಿಂದೆ ಇಂಥ ಮನೆಯಲ್ಲಿ ಚಿಗವ್ವ, ದೊಡ್ಡವ್ವ, ಐದಾರು ಮಕ್ಕಳು ಇದ್ದು ಹೊರೆ ಹಂಚಿಹೋಗುತ್ತಿತ್ತು ಎಂದು ಹಿರಿಯರು ನೆನೆಯುತ್ತಾರೆ. (ಹಂಚಿಕೆ ಅಷ್ಟು ನ್ಯಾಯವಾಗಿತ್ತೇ ಎಂಬುದು ಬೇರೆ ಮಾತು, ವಿಧವೆಯಾಗಿ ತವರು ಸೇರಿದ ಸೋದರತ್ತೆಯ ಪಾಲಿಗೆ ಎಷ್ಟು ಬಿತ್ತೆಂದು ಯಾರೂ ಅಳೆದು ನೋಡಲಿಲ್ಲ.) ಈಗಂತೂ ಮನೆಗಳು ಚಿಕ್ಕವಾಗಿವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಸ್ತ್ರೀಗೆ ಸರಾಸರಿ 1.7 ಮಕ್ಕಳು. ಇರುವ ಇಬ್ಬರಲ್ಲಿ ಒಬ್ಬರು ಪುಣೆಯಲ್ಲೋ ಬೆಂಗಳೂರಿನಲ್ಲೋ ನೆಲಸಿದರೆಂದರೆ ಊರಿನಲ್ಲಿ ಉಳಿಯುವುದು ಒಂದೇ ಹೆಗಲು.

ಆ ಹೆಗಲಿಗೆ ಸಮಾಜ ಒಂದು ಬಿರುದನ್ನು ಇಟ್ಟಿದೆ: ಶ್ರವಣಕುಮಾರ. “ಶ್ರವಣಕುಮಾರ ಅದಾನ್ರೀ ಹುಡುಗ” ಎಂದು ನಾಲ್ಕು ಜನ ಹೇಳಿದರೆ ಮನೆಯವರಿಗೆ ಸಂತೋಷ, ಹೇಳಿದವರಿಗೂ ಏನೋ ಸಹಾಯ ಮಾಡಿದ ಸಮಾಧಾನ. ಆದರೆ ಆ ಬಿರುದು ಬಿದ್ದ ದಿನದಿಂದ ಹುಡುಗನ ಬಾಯಿ ಕಟ್ಟಿತು. ಶ್ರವಣಕುಮಾರ ದಣಿಯುವುದುಂಟೆ? ಶ್ರವಣಕುಮಾರನಿಗೆ ಬೇಸರ ಬರುವುದುಂಟೆ? ಕಾವಡಿಯನ್ನು ಅರೆಗಳಿಗೆ ನೆಲಕ್ಕಿಳಿಸಿ, ಒಂದು ಸಿನಿಮಾ ನೋಡಿ ಬರುತ್ತೇನೆ ಎನ್ನುವ ಶ್ರವಣಕುಮಾರನನ್ನು ಯಾವ ಹರಿಕಥೆಯಲ್ಲಿ ಕೇಳಿದ್ದೇವೆ?

ವಾಲ್ಮೀಕಿಯ ಕಾವ್ಯದಲ್ಲಿ ಈ ಮುನಿಕುಮಾರನಿಗೆ ಹೆಸರೂ ಇಲ್ಲವೆಂಬುದು ಗಮನಿಸತಕ್ಕ ಸಂಗತಿ. ಹೆಸರೂ ಕಾವಡಿಯೂ ಅನಂತರದ ಕಥನಪರಂಪರೆ ತೊಡಿಸಿದವು. ದಶರಥನ ಬಾಣ ತಾಗಿದಾಗ ಅವನ ಬಾಯಿಂದ ಹೊರಡುವ ಅಳಲಿನಲ್ಲಿ ಮುಖ್ಯವಾದದ್ದು ತನ್ನನ್ನೇ ನೆಚ್ಚಿದ ಕುರುಡ ತಾಯಿತಂದೆಯರ ಚಿಂತೆ. ಅವರಿನ್ನೂ ನೀರಿಗಾಗಿ ಕಾದಿದ್ದಾರೆ. ಸಾಯುವ ಗಳಿಗೆಯಲ್ಲಿಯೂ ಅವನಿಗೆ ಪುರುಸೊತ್ತಿಲ್ಲ. ಓದುವವರು ಇದನ್ನು ಭಕ್ತಿಯ ಪರಾಕಾಷ್ಠೆಯೆಂದು ಮೆಚ್ಚುತ್ತಾರೆ. ರೋಗಿಯ ಮಗ್ಗುಲಲ್ಲಿ ವರ್ಷಗಳನ್ನು ಕಳೆದವರಿಗೆ ಮಾತ್ರ ಅದರ ಇನ್ನೊಂದು ಮುಖ ಗೊತ್ತು. ‘ನನಗೇ ಏನಾದರೂ ಆದರೆ ಇವರ ಗತಿಯೇನು?’ ಎಂಬ ಅಂಜಿಕೆ ಅವರಿಗೆ ಪುರಾಣವಲ್ಲ, ರಸ್ತೆ ದಾಟುವಾಗಿನ ನಿತ್ಯದ ಅನುಭವ.

ಹಗಲಾದರೂ ಹೇಗೋ ಕಳೆಯುತ್ತದೆ; ಕಷ್ಟವೆಲ್ಲ ರಾತ್ರಿಯದು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲವಾದರೆ ಬೆನ್ನು, ಸೊಂಟ, ಹಿಮ್ಮಡಿಗಳಲ್ಲಿ ಹಾಸಿಗೆಹುಣ್ಣು ಏಳುತ್ತದೆ. ಎರಡು ಗಂಟೆಗೊಮ್ಮೆ ಏಳುವವನಿಗೆ ನಿದ್ರೆಯೆನ್ನುವುದು ಇಲ್ಲ. ಕಿವಿಯೊಂದನ್ನು ತೆರೆದಿಟ್ಟುಕೊಂಡ ಜೊಂಪು ಅಷ್ಟೆ. ಮಗ್ಗುಲ ಕೋಣೆಯಲ್ಲಿ ಉಸಿರಿನ ಲಯ ಸ್ವಲ್ಪ ತಪ್ಪಿದರೂ ಎಚ್ಚರ. ಲಯ ತಪ್ಪದಿದ್ದರೆ, ಏಕಿಷ್ಟು ನಿಶ್ಶಬ್ದವೆಂದು ಎಚ್ಚರ. ಅದರ ಮೇಲೆ ಲಜ್ಜೆಯ ಪ್ರಶ್ನೆ. ನಿನ್ನೆಯವರೆಗೆ ಗದರಿಸಿ ಬುದ್ಧಿ ಹೇಳುತ್ತಿದ್ದ ತಂದೆಯ ಮೈಯನ್ನು ಮಗ ತೊಳೆಯಬೇಕು; ತಂದೆ ಗೋಡೆಯ ಕಡೆಗೆ ಮುಖ ತಿರುಗಿಸುತ್ತಾನೆ. ಇಬ್ಬರೂ ಮಾತನಾಡುವುದಿಲ್ಲ. ರೋಗಿಗೆ ಈ ಅವಲಂಬನೆ ಎಷ್ಟು ನೋವೋ ಆರೈಕೆ ಮಾಡುವವನಿಗೂ ಅಷ್ಟೇ ನೋವು. ಈ ನೋವನ್ನು ಹೇಳಿಕೊಳ್ಳಲು ಒಂದು ಶಬ್ದವೂ ಸಿಕ್ಕುವುದಿಲ್ಲ.

ಬೆಳಗಿನ ಹೊತ್ತಿಗೆ ಕೈಫೋನಿನಲ್ಲಿ ಸಹಪಾಠಿಗಳ ಚಿತ್ರಗಳು ಬಂದು ಬಿದ್ದಿರುತ್ತವೆ: ಒಬ್ಬನಿಗೆ ಬಡತಿ, ಇನ್ನೊಬ್ಬಳಿಗೆ ನಿಶ್ಚಿತಾರ್ಥ, ಮೂವರು ಸೇರಿ ಗೋವೆಯ ಕಡಲತೀರ. ಹತ್ತು ಗಂಟೆಗೆ ಪುಣೆಯಿಂದ ಅಣ್ಣನ ಕರೆ. “ತಮ್ಮಾ, ಫಿಜಿಯೋಥೆರಪಿ ಬಿಡಬ್ಯಾಡಪಾ, ದಿನಾ ಮಾಡಸು. ಉಪ್ಪು ಕಡಿಮಿ ಹಾಕ್ರಿ.” ದೂರದಲ್ಲಿರುವವರಿಗೆ ಉಪದೇಶವೇ ಉಪಚಾರ. ಅವರ ಮನಸ್ಸಿನಲ್ಲೂ ಒಂದು ಅಳುಕಿರುತ್ತದೆ, ಅದೇ ಹೀಗೆ ಉಪ್ಪಿನ ಲೆಕ್ಕವಾಗಿ ಹೊರಬರುತ್ತದೆ ಎಂದು ಉದಾರವಾಗಿ ತಿಳಿಯಬಹುದು. ಆದರೆ ರಾತ್ರಿ ನಾಲ್ಕು ಸಲ ಎದ್ದ ತಮ್ಮನಿಗೆ ಬೆಳಗ್ಗೆ ಹತ್ತಕ್ಕೆ ಅಷ್ಟು ಔದಾರ್ಯ ಉಳಿದಿರುವುದಿಲ್ಲ.

ಆಗ ಮನಸ್ಸಿನ ಮೂಲೆಯಲ್ಲಿ ಒಂದು ಮಾತು ಹಾದುಹೋಗುತ್ತದೆ: ‘ಇದು ಎಂದು ಮುಗಿದೀತು?’ ಹಾದುಹೋದ ಮರುಕ್ಷಣ ಅದರ ಅರ್ಥ ಹೊಳೆಯುತ್ತದೆ. ಇದು ಮುಗಿಯುವ ದಾರಿ ಒಂದೇ. ತಂದೆಯ ಸಾವನ್ನು ಬಯಸಿದೆನೇ? ತಾನೆಂಥ ಮಗ? ಅಂದಿನಿಂದ ಅವನು ಎರಡು ಹೊರೆ ಹೊರುತ್ತಾನೆ. ಒಂದು ಆರೈಕೆಯದು, ಅದನ್ನು ಊರೇ ನೋಡುತ್ತದೆ. ಇನ್ನೊಂದು ಆ ಮಾತಿನದು. ಅದು ಯಾರಿಗೂ ಕಾಣದು, ಯಾರೊಡನೆಯೂ ಆಡಲಾಗದು. ಎರಡನೆಯದೇ ಹೆಚ್ಚು ಭಾರ. ಹೊಗಳಿಕೆ ಹೆಚ್ಚಿದಷ್ಟೂ ಅದು ಇನ್ನೂ ಭಾರವಾಗುತ್ತದೆ. ಏಕೆಂದರೆ ಹೊಗಳುವವರಿಗೆ ತನ್ನ ಒಳಗು ತಿಳಿದಿಲ್ಲ, ತಿಳಿದರೆ ಮುಖಕ್ಕೆ ಉಗಿದಾರು ಎಂದು ಅವನ ನಂಬಿಕೆ.

ಮನೋವಿಜ್ಞಾನ ಹೇಳುವ ಮೊದಲ ಮಾತೇ ಈ ನಂಬಿಕೆ ತಪ್ಪೆಂಬುದು. ಪ್ರೀತಿ, ಕೋಪ ಎರಡೂ ಒಂದೇ ಹೊತ್ತಿನಲ್ಲಿ ಒಂದೇ ವ್ಯಕ್ತಿಯ ಮೇಲೆ ಇರುವುದು ದೀರ್ಘ ಆರೈಕೆಯ ಸಹಜ ಲಕ್ಷಣ. 1980ರಲ್ಲಿ ಅಮೆರಿಕೆಯ ಸ್ಟೀವನ್ ಜಾರಿಟ್ ಮತ್ತು ಸಂಗಡಿಗರು ಆರೈಕೆ ಮಾಡುವವರ ಹೊರೆಯನ್ನು ಅಳೆಯಲು ಒಂದು ಪ್ರಶ್ನಾವಳಿ ರಚಿಸಿದರು; ಇಂದಿಗೂ ಜಗತ್ತಿನ ಆಸ್ಪತ್ರೆಗಳಲ್ಲಿ ಅದರ ಬಳಕೆಯಿದೆ. ರೋಗಿಯ ಬಳಿ ಇರುವಾಗ ಸಿಟ್ಟು ಬರುತ್ತದೆಯೇ ಎಂಬ ಪ್ರಶ್ನೆ ಅದರಲ್ಲಿ ನೇರವಾಗಿಯೇ ಇದೆ. ಕೇಳಬೇಕಾದಷ್ಟು ಸಾಮಾನ್ಯವಾದ ಸಂಗತಿಯೆಂದೇ ಅದಕ್ಕೆ ಅಲ್ಲಿ ಸ್ಥಾನ ಸಿಕ್ಕಿತು. ಮರುವರ್ಷ, 1981ರಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶೈಲಾ ಪೈ ಮತ್ತು ಆರ್. ಎಲ್. ಕಪೂರ್ ಅವರು ಮನೋರೋಗಿಗಳ ಕುಟುಂಬದ ಹೊರೆಯನ್ನು ಅರಿಯುವ ಸಂದರ್ಶನ ಪಟ್ಟಿಯೊಂದನ್ನು ಸಿದ್ಧಪಡಿಸಿ ಬ್ರಿಟಿಷ್ ಮನೋವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಹಣದ ಕಷ್ಟ, ದಿನಚರಿಯ ಅಸ್ತವ್ಯಸ್ತ, ಬಿಡುವಿನ ನಷ್ಟ, ಮನೆಮಂದಿಯ ಪರಸ್ಪರ ಸಂಬಂಧ, ಅವರ ದೇಹಾರೋಗ್ಯ, ಅವರ ಮನಸ್ಸು—ಹೀಗೆ ಆರು ಬಾಬುಗಳಲ್ಲಿ ಅದು ವಿಚಾರಿಸುತ್ತದೆ. ರೋಗಿಯನ್ನು ಕರೆತಂದವನನ್ನು ಕೂಡಿಸಿ, ‘ನಿಮ್ಮ ಬಿಡುವು ಏನಾಯಿತು?’ ಎಂದು ಕೇಳುವ ಕ್ರಮ ಕನ್ನಡ ನಾಡಿನಲ್ಲೇ, ನಾಲ್ಕು ದಶಕಗಳ ಹಿಂದೆಯೇ ಶಾಸ್ತ್ರೀಯವಾಗಿ ರೂಪುಗೊಂಡಿತ್ತೆಂದಾಯಿತು. ಅದು ಆಸ್ಪತ್ರೆಯ ಕಡತದಿಂದ ಓಣಿಯ ಕಟ್ಟೆಗೆ ಇಳಿದು ಬಂದಿಲ್ಲ.

ಮನಸ್ಸಿನ ಹೊರೆ ಮೈಗೂ ಇಳಿಯುತ್ತದೆ. 1995ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಪ್ರಸಿದ್ಧವಾದದ್ದು. ಮರೆವಿನ ರೋಗಿಗಳ ಆರೈಕೆ ಮಾಡುತ್ತಿದ್ದ 13 ಮಂದಿ ಸ್ತ್ರೀಯರ ತೋಳಿನಲ್ಲಿ ಒಂದು ಪುಟ್ಟ ಗಾಯ ಮಾಡಿ, ಅದೇ ವಯಸ್ಸಿನ ಬೇರೆ 13 ಮಂದಿಯ ಗಾಯದೊಡನೆ ಹೋಲಿಸಿದಾಗ, ಮೊದಲಿನವರ ಗಾಯ ಮಾಯಲು ಒಂಬತ್ತು ದಿನ ಹೆಚ್ಚು ಹಿಡಿಯಿತು. ಅವರೆಲ್ಲ ನಡುವಯಸ್ಸು ದಾಟಿದವರು; ಎಳೆಯರ ಮೈ ಬೇಗ ಚೇತರಿಸಿಕೊಂಡೀತು ಎನ್ನಬಹುದು. ಎಳೆಯರು ಕಳೆದುಕೊಳ್ಳುವುದು ಬೇರೆಯ ಬಗೆಯದು. ಐವತ್ತರಲ್ಲಿ ಆರೈಕೆಗೆ ನಿಂತವನ ಹಿಂದೆ ಒಂದು ಜೀವನ ಆಗಿಹೋಗಿರುತ್ತದೆ. ಇಪ್ಪತ್ತೆರಡರಲ್ಲಿ ನಿಂತವನ ಜೀವನ ಇನ್ನೂ ಮುಂದೆಯೇ ಇದೆ, ಮತ್ತು ಅದು ಕಾಯುವುದಿಲ್ಲ.

ಇದನ್ನು ಪುರಾಣಗಳು ಕಾಣದೆ ಹೋಗಲಿಲ್ಲ. ಮಹಾಭಾರತದ ಆದಿಪರ್ವದಲ್ಲಿ ಯಯಾತಿಯ ಕಥೆ ಬರುತ್ತದೆ. ಶುಕ್ರಾಚಾರ್ಯರ ಶಾಪದಿಂದ ಅಕಾಲದಲ್ಲಿ ಮುಪ್ಪು ಬಂದ ಅರಸ ತನ್ನ ಐವರು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು, ತನ್ನ ಮುಪ್ಪನ್ನು ತೆಗೆದುಕೊಂಡು ನಿಮ್ಮ ತಾರುಣ್ಯ ಕೊಡಿ ಎಂದು ಬೇಡುತ್ತಾನೆ. ಯದು, ತುರ್ವಸು, ದ್ರುಹ್ಯು, ಅನು ಒಲ್ಲೆವೆಂದು ಶಾಪಕ್ಕೆ ಗುರಿಯಾಗುತ್ತಾರೆ. ಕಿರಿಯ ಪುರು ಒಪ್ಪಿ ಸಿಂಹಾಸನ ಪಡೆಯುತ್ತಾನೆ. ಪುರಾಣ ಪುರುವನ್ನು ಹೊಗಳಿ ಮುಂದೆ ಸಾಗುತ್ತದೆ. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಪ್ರಕಟಿಸಿದ ‘ಯಯಾತಿ’ ನಾಟಕದಲ್ಲಿ ಗಿರೀಶ ಕಾರ್ನಾಡರು ಅಲ್ಲಿಯೇ ನಿಂತು, ಪುರುವಿನ ಪಕ್ಕದಲ್ಲಿರುವವರಿಗೆ ಏನಾಯಿತೆಂದು ನೋಡಿದರು. ಹೊಸದಾಗಿ ಮನೆ ತುಂಬಿದ ಚಿತ್ರಲೇಖೆಗೆ ತನ್ನ ಗಂಡನ ಯೌವನ ಹೋದದ್ದು ತ್ಯಾಗವಾಗಿ ಕಾಣುವುದಿಲ್ಲ. ಅವಳು ಯಯಾತಿಯೆದುರು ನಿಂತು ಪ್ರಶ್ನಿಸುತ್ತಾಳೆ. ಕಡೆಗೆ ಪ್ರಾಣ ಬಿಡುತ್ತಾಳೆ. ಆಕ್ಸ್‌ಫರ್ಡಿಗೆ ಹೊರಡಲಿದ್ದ ದಿನಗಳಲ್ಲಿ, ಮನೆಯವರ ನಿರೀಕ್ಷೆಗಳ ಬಿಗಿತದ ನಡುವೆ ಈ ಕಥೆ ತಮ್ಮನ್ನು ಹಿಡಿದುಕೊಂಡಿತೆಂದು ಕಾರ್ನಾಡರೇ ಮುಂದೆ ಹೇಳಿದ್ದುಂಟು. ಆಗ ಅವರಿಗೆ ಇಪ್ಪತ್ತೆರಡರ ಆಸುಪಾಸು. ಅವರು ಗಾಡಿ ಹತ್ತಿ ಹೋದರು. ಹೋಗುವುದೂ ಉಳಿಯುವುದೂ ಎರಡೂ ತರುಣರ ಪಾಲಿಗೆ ಎಷ್ಟು ಬಿಸಿಯಾದ ಪ್ರಶ್ನೆಗಳೆಂಬುದಕ್ಕೆ ಆ ನಾಟಕ ಸಾಕ್ಷಿಯಾಗಿ ಉಳಿಯಿತು.

ಸ್ಟೇಷನ್ ರಸ್ತೆಯ ಮಗ್ಗುಲಲ್ಲೇ ನಿಂತಿರುವ ಗೋಲ್ ಗುಂಬಜದ ಕೆಳಗೆ ಮಲಗಿರುವ ಮುಹಮ್ಮದ್ ಆದಿಲ್‌ಶಹನೂ ದೀರ್ಘರೋಗಿಯೇ. 1646ರಿಂದ 1656ರಲ್ಲಿ ತೀರಿಕೊಳ್ಳುವವರೆಗೆ ಹತ್ತು ವರ್ಷ ಅವನು ಕಾಯಿಲೆ ಮಲಗಿದ್ದನೆಂದೂ ರಾಜ್ಯದ ವ್ಯವಹಾರವನ್ನು ರಾಣಿ ಬಡೀ ಸಾಹಿಬಾ ನೋಡಿಕೊಂಡಳೆಂದೂ ಇತಿಹಾಸಕಾರರು ಬರೆದಿದ್ದಾರೆ. ಅವಳ ಆಡಳಿತ ದಾಖಲೆಗೆ ಬಂದಿತು. ಆ ಹತ್ತು ವರ್ಷ ಅರಸನಿಗೆ ಗಂಜಿ ಕುಡಿಸಿದ, ರಾತ್ರಿ ಎದ್ದು ಕೂತ ಕೈಗಳು ಯಾರವೆಂದು ಬಲ್ಲವರಿಲ್ಲ. ಅರಮನೆಯಲ್ಲಿ ಊಳಿಗದವರಿದ್ದರು, ಓಣಿಯ ಮನೆಗಳಲ್ಲಿ ಆ ಕೈಗಳು ಬಹುತೇಕ ಹೆಣ್ಣುಮಕ್ಕಳವು. ಭಾರತ ಸರಕಾರ 2024ರಲ್ಲಿ ನಡೆಸಿದ ಕಾಲಬಳಕೆಯ ಸಮೀಕ್ಷೆಯಲ್ಲಿ 15ರಿಂದ 59 ವಯಸ್ಸಿನ ಸ್ತ್ರೀಯರಲ್ಲಿ ಶೇಕಡ 41 ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದರೆ, ಪುರುಷರಲ್ಲಿ ಶೇಕಡ 21.4 ಮಂದಿ. ಹಾಗೆ ತೊಡಗಿದ ಸ್ತ್ರೀಯರು ದಿನಕ್ಕೆ ಸುಮಾರು 140 ನಿಮಿಷ ಕೊಟ್ಟರೆ ಪುರುಷರು 74 ನಿಮಿಷ. ಮಕ್ಕಳ ಲಾಲನೆಯೂ ಈ ಲೆಕ್ಕದಲ್ಲಿ ಸೇರಿದೆ. ಆದರೂ ತಕ್ಕಡಿ ಯಾವ ಕಡೆ ವಾಲಿದೆಯೆಂಬುದು ಸ್ಪಷ್ಟ. ವಿಚಿತ್ರವೆಂದರೆ ಮಗ ಆರೈಕೆ ಮಾಡಿದರೆ ಅವನಿಗೆ ಶ್ರವಣಕುಮಾರನೆಂಬ ಹೆಸರಾದರೂ ಉಂಟು. ಮಗಳು ಮಾಡಿದರೆ ಅದಕ್ಕೆ ಮನೆಗೆಲಸವೆಂದು ಹೆಸರು. ಪುರಾಣದಲ್ಲಿ ಹೆಣ್ಣು ಶ್ರವಣಕುಮಾರಿಯೊಬ್ಬಳು ಇಲ್ಲದಿರುವುದು ಹೆಣ್ಣುಮಕ್ಕಳು ಕಾವಡಿ ಹೊರದ ಕಾರಣದಿಂದಲ್ಲ, ಹೊತ್ತದ್ದು ಕಥೆಯಾಗುವಷ್ಟು ಅಪರೂಪವಾಗಿರಲಿಲ್ಲವಾದ್ದರಿಂದ. ಬಂದ ವರನ ಕಡೆಯವರಿಗೆ ‘ಮುಂದಿನ ವರ್ಷ ನೋಡೋಣ’ ಎಂದು ತಂದೆಯ ಬದಲು ತಾನೇ ಹೇಳಿ ಕಳಿಸಿದ ಹುಡುಗಿಯರು ಪ್ರತಿ ಬಡಾವಣೆಯಲ್ಲಿದ್ದಾರೆ.

ಆ ಹೆಣ್ಣುಮಕ್ಕಳಿಗೆ ಹಿಂದಿನ ಕಾಲದಲ್ಲಿ ಒಂದು ಆಸರೆಯಿತ್ತು: ಬೀಸುಕಲ್ಲು. ಇದೇ ಜಿಲ್ಲೆಯ ಹಲಸಂಗಿಯ ಗೆಳೆಯರು—ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು—ಊರೂರು ತಿರುಗಿ ಕಲೆಹಾಕಿದ ‘ಗರತಿಯ ಹಾಡು’ 1931ರಲ್ಲಿ ಪುಸ್ತಕವಾಗಿ ಬಂದಾಗ ವಿದ್ವಾಂಸರು ಅದರ ಛಂದಸ್ಸಿಗೆ, ಕಲ್ಪನೆಗೆ ಬೆರಗಾದರು. ಬೆರಗಾಗಬೇಕಾದದ್ದು ಇನ್ನೂ ಒಂದಿತ್ತು. ಮನೆಯ ಯಾರ ಎದುರೂ ಆಡಲಾಗದ ಮಾತನ್ನು ಹೆಣ್ಣು ನಸುಕಿನಲ್ಲಿ ಕಲ್ಲಿನೆದುರು ಆಡಬಹುದಾಗಿತ್ತು, ಮತ್ತು ಆಡುವಾಗ ಎದುರಿಗೆ ಗೂಟ ಹಿಡಿದು ಕುಳಿತ ಇನ್ನೊಬ್ಬ ಹೆಣ್ಣು ಅದನ್ನು ಕೇಳುತ್ತಿದ್ದಳು. ಉಪದೇಶವಿಲ್ಲ, ತೀರ್ಪಿಲ್ಲ, ಹಿಟ್ಟು ಬೀಳುವ ತನಕ ಜೊತೆಗಿರುವುದು. ಗಿರಣಿ ಬಂದು ಬೀಸುಕಲ್ಲು ಮೂಲೆಗೆ ಸರಿದದ್ದಕ್ಕೆ ಯಾವ ಹೆಣ್ಣುಮಗಳೂ ಅಳಬೇಕಾಗಿಲ್ಲ. ತೋಳಿನ ನೋವಂತೂ ತಪ್ಪಿತು. ಎದುರಿಗೆ ಕೂತು ಕೇಳುವ ಆ ಇನ್ನೊಬ್ಬಳ ಜಾಗವನ್ನು ಮಾತ್ರ ಯಾವ ಯಂತ್ರವೂ ತುಂಬಲಿಲ್ಲ.

ಈಗ ಆ ಜಾಗದಲ್ಲಿ ದೂರವಾಣಿ ಒಂದಿದೆ ಎನ್ನಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ-ಮಾನಸ್’ ಎಂಬ ಸರಕಾರಿ ಸೇವೆಗೆ 14416 ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು. ಕರೆ ಮಾಡುವವರು ರೋಗಿಗಳೇ ಆಗಿರಬೇಕೆಂದಿಲ್ಲ. ರೋಗಿಯನ್ನು ನೋಡಿಕೊಂಡು ಸೋತವರೂ ಮಾಡಬಹುದು. ದಣಿವಿಗೂ ಕಾಯಿಲೆಗೂ ನಡುವಣ ಗೆರೆ ಎಲ್ಲಿದೆ ಎಂಬುದನ್ನು ಮನೆಯವರೂ ತಿಳಿದಿರಬೇಕು. ಮಲಗಲು ಬಿಡುವು ಸಿಕ್ಕರೂ ನಿದ್ರೆ ಬಾರದಿರುವುದು, ಊಟ ರುಚಿಸದಿರುವುದು, ಹಿಂದೆ ಪ್ರಿಯವಾಗಿದ್ದ ಯಾವುದರಲ್ಲೂ ಮನಸ್ಸು ನಿಲ್ಲದಿರುವುದು ಎರಡು ವಾರ ಬಿಡದೆ ನಡೆದರೆ ಅದು ಸೋಮಾರಿತನವಲ್ಲ, ಖಿನ್ನತೆಯಿರಬಹುದು; ಅದಕ್ಕೆ ಚಿಕಿತ್ಸೆಯುಂಟು. ‘ನಾನೇ ಇಲ್ಲದಿದ್ದರೆ ಒಳ್ಳೆಯದಿತ್ತು’ ಎಂಬ ಮಾತು ತಮಾಷೆಗೆಂಬಂತೆ ಬಂದರೂ ಮರುದಿನಕ್ಕೆ ಕಾಯದೆ ವೈದ್ಯರ ಬಳಿ ಕರೆದೊಯ್ಯಬೇಕು, ಅಲ್ಲಿಯವರೆಗೆ ಒಬ್ಬರನ್ನೇ ಬಿಡಬಾರದು.

ಭಾರತದ ಮನೋವೈದ್ಯಕೀಯ ಬಹಳ ಹಿಂದಿನಿಂದಲೂ ಕುಟುಂಬವನ್ನು ನೆಚ್ಚಿಯೇ ಬೆಳೆದದ್ದು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರರು, ಹಾಸಿಗೆಗಳು ಸಾಲದೆ ಹೋದಾಗ, ಆವರಣದಲ್ಲಿ ಡೇರೆ ಹೊಡೆಸಿ ರೋಗಿಯ ಜೊತೆಗೆ ಮನೆಯವರನ್ನೂ ಇಳಿಸಿಕೊಂಡರು. ರೋಗಿ ಬೇಗ ಗುಣವಾದ, ಮನೆಯವರ ಹೆದರಿಕೆಯೂ ತಗ್ಗಿತು. 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ ಮನೋಚಿಕಿತ್ಸೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳವರೆಗೆ ಒಯ್ದು, 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ರೋಗಿ ಮನೆಯಲ್ಲೇ ಇರಲಿ, ಔಷಧ ಹತ್ತಿರದಲ್ಲೇ ಸಿಗಲಿ ಎಂಬುದು ನಿಸ್ಸಂಶಯವಾಗಿ ಒಳ್ಳೆಯ ನೀತಿ. ಆದರೆ ಅದು ಮನೆಯಲ್ಲೊಬ್ಬರು ಸದಾ ಸಿದ್ಧರಿರುತ್ತಾರೆಂಬ ಭರವಸೆಯ ಮೇಲೆ ನಿಂತ ನೀತಿ. ಆ ಒಬ್ಬರ ಮನಸ್ಸಿನ ಕೈ ಹಿಡಿಯುವವರು ಯಾರೆಂಬುದು ಅಲ್ಲಿ ಪೂರ್ತಿಯಾಗಿ ಇತ್ಯರ್ಥವಾಗಲಿಲ್ಲ.

ಇಂಗ್ಲೆಂಡಿನಲ್ಲಿ ಅದೇ ಪ್ರಶ್ನೆ ಒಂದು ಪತ್ರದಿಂದ ಸಾರ್ವಜನಿಕವಾಯಿತು. ಮೇರಿ ವೆಬ್‌ಸ್ಟರ್ ಎಂಬ ಕ್ರೈಸ್ತ ಧರ್ಮೋಪದೇಶಕಿ 1954ರಲ್ಲಿ, ತನ್ನ ಮೂವತ್ತೊಂದನೆಯ ವಯಸ್ಸಿನಲ್ಲಿ, ತಾಯಿತಂದೆಯರ ಆರೈಕೆಗಾಗಿ ಕೆಲಸ ಬಿಟ್ಟಳು. ಒಂಬತ್ತು ವರ್ಷಗಳ ಅನಂತರ, 1963ರಲ್ಲಿ, ತನ್ನಂಥ ಅವಿವಾಹಿತ ಸ್ತ್ರೀಯರ ಏಕಾಂಗಿತನ, ಹಣದ ಕಷ್ಟಗಳನ್ನು ಕುರಿತು ಪತ್ರಿಕೆಗಳಿಗೆ ಬರೆದಳು. ಉತ್ತರಗಳ ಮಹಾಪೂರ ಬಂದಿತು: ತಾನೊಬ್ಬಳೇ ಹೀಗೆಂದು ತಿಳಿದಿದ್ದವರು ದೇಶದ ತುಂಬ ಇದ್ದರು. 1965ರಲ್ಲಿ ಅವರ ಸಂಘ ಸ್ಥಾಪನೆಯಾಯಿತು. 1967ರಲ್ಲಿ ತೆರಿಗೆಯಲ್ಲಿ ಒಂದು ವಿನಾಯಿತಿ ದೊರೆಯಿತು. ಇಂದಿನ ‘ಕೇರರ್ಸ್ ಯು.ಕೆ.’ ಎಂಬ ದೊಡ್ಡ ಸಂಸ್ಥೆಯ ಬೇರು ಅದೇ. ಮೇರಿ 1969ರಲ್ಲಿ ಇನ್ನೂ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಳು. ಮನೆಯೊಳಗಿನ ಕಷ್ಟವನ್ನು ಪತ್ರಿಕೆಗೆ ಬರೆಯುವುದು ಮನೆತನಕ್ಕೆ ಕುಂದೆಂದು ಅವಳು ಸುಮ್ಮನಿದ್ದಿದ್ದರೆ ಇದಾವುದೂ ಆಗುತ್ತಿರಲಿಲ್ಲ.

ಭಾರತದ ಕಾನೂನೂ ಈಚೆಗೆ ಆರೈಕೆ ಮಾಡುವವರನ್ನು ಹೆಸರಿಟ್ಟು ಗುರುತಿಸಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ, 2017ರ ಮಾನಸಿಕ ಆರೋಗ್ಯ ಕಾಯಿದೆಗಳೆರಡೂ, ಸಂಬಳವಿಲ್ಲದೆ ನೋಡಿಕೊಳ್ಳುವ ಮನೆಯವರನ್ನು ಆರೈಕೆದಾರರ ವ್ಯಾಖ್ಯೆಯೊಳಗೆ ತಂದಿವೆ. ಮೊದಲನೆಯದರಲ್ಲಿ, ಹೆಚ್ಚಿನ ಆಸರೆ ಬೇಕಾದ ಅಂಗವಿಕಲರಿಗೆ ಆರೈಕೆಯ ಭತ್ಯದ ಮಾತೂ ಇದೆ. ಕಾನೂನಿನ ಪುಟದಿಂದ ಔಷಧದ ಅಂಗಡಿಯ ಗಲ್ಲೆಯವರೆಗೆ ದಾರಿ ದೂರ. ಅಷ್ಟರಲ್ಲಿ ಮಾಡಬಹುದಾದ ಕೆಲಸಗಳು ನೆರೆಹೊರೆಯಲ್ಲಿಯೇ ಇವೆ, ಅವಕ್ಕೆ ಭತ್ಯ ಬೇಕಿಲ್ಲ.

“ಏನರ ಬೇಕಾದ್ರ ಹೇಳಪಾ” ಎಂಬ ಮಾತು ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ, ಆದರೆ ಪ್ರಯೋಜನಕ್ಕೆ ಬಾರದು. ಬೇಡುವುದನ್ನು ಶ್ರವಣಕುಮಾರನಿಗೆ ಯಾರೂ ಕಲಿಸಿಲ್ಲ. “ಪ್ರತಿ ಗುರುವಾರ ಸಂಜೀ ಐದರಿಂದ ಎಂಟರ ತನಕ ನಾ ಬಂದು ಅಪ್ಪಾರ ಕಡೆ ಕೂಡ್ತೀನಿ, ನೀ ಹೊರಗ ಹೋಗಿ ಬಾ” ಎನ್ನುವುದು ಬೇರೆಯ ಮಾತು. ಅದರಲ್ಲಿ ದಿನವಿದೆ, ವೇಳೆಯಿದೆ, ಕೂರುವ ಮನುಷ್ಯನಿದ್ದಾನೆ. ತಿಕೋಟಾದಲ್ಲೋ ಬಬಲೇಶ್ವರದಲ್ಲೋ ಇರುವ ಮಾವಂದಿರು ವಾರಕ್ಕೊಮ್ಮೆ ಹೇಗೂ ಸಂತೆಗೆ, ಕಚೇರಿಗೆ ಊರಿಗೆ ಬರುತ್ತಾರೆ; ಹಣ್ಣು ಇಟ್ಟು, ಚಹಾ ಕುಡಿದು, ಅರ್ಧ ಗಂಟೆಗೆ ಎದ್ದು ಹೋಗುವ ಬದಲು ಮೂರು ಗಂಟೆ ಕೂತರೆ ಆ ಮನೆಗೆ ಹಣ್ಣಿಗಿಂತ ಹೆಚ್ಚಿನದು ಸಿಕ್ಕೀತು. ಪುಣೆಯ ಅಣ್ಣ ಉಪ್ಪಿನ ಮಾತು ಬಿಟ್ಟು ವರ್ಷಕ್ಕೆ ಎರಡು ಸಲ ಹದಿನೈದು ದಿನದ ರಜೆ ಹಾಕಿ ಬಂದು ರಾತ್ರಿಯ ಪಾಳಿ ವಹಿಸಿಕೊಳ್ಳಲಿ. ಕಾಲೇಜಿನವರು ಹಾಜರಿಯ ಪಟ್ಟಿಯಲ್ಲಿ ಕೆಂಪು ಗೆರೆ ಎಳೆಯುವ ಮುನ್ನ ಹುಡುಗಿಯನ್ನು ಕರೆದು ಒಂದು ಮಾತು ಕೇಳಲಿ. ರೋಗಿಯೂ ಸುಮ್ಮನಿರಬೇಕೆಂದಿಲ್ಲ. ಮಾತು ತೊದಲಿದರೂ ತಂದೆಗೆ ಎಲ್ಲವೂ ತಿಳಿಯುತ್ತದೆ. ಮಗನ ಮುಖ ಬಾಡುತ್ತಿರುವುದನ್ನು ದಿನವಿಡೀ ನೋಡುವವನು ಅವನೊಬ್ಬನೇ. ಸ್ವಾಧೀನವಿರುವ ಎಡಗೈಯಿಂದ ‘ಹೋಗು’ ಎಂದು ಸನ್ನೆ ಮಾಡುವ ಅಧಿಕಾರ ಇನ್ನೂ ಅವನದೇ. ಯಯಾತಿಯೂ ಕಡೆಗೆ ಮಗನ ತಾರುಣ್ಯವನ್ನು ಹಿಂದಿರುಗಿಸಿದನಲ್ಲವೆ?

ಕೂರಲು ಬಂದವರು ಕೆಲವು ಸಂಗತಿಗಳನ್ನು ಕಲಿಯಬೇಕು. ಲಕ್ವಾ ಹೊಡೆದವರಿಗೆ ಮಲಗಿಸಿ ನೀರು ಕುಡಿಸಬಾರದು. ದಿಂಬು ಆನಿಸಿ ಕೂರಿಸಿ, ಚಮಚದಿಂದ, ನುಂಗಿದರೆಂದು ಖಾತ್ರಿಯಾದ ಮೇಲೆ ಮುಂದಿನ ಗುಟುಕು. ಸ್ವಾಧೀನವಿಲ್ಲದ ಕೈಯನ್ನು ಹಿಡಿದು ಎಳೆಯಬಾರದು. ಯಾವ ಗುಳಿಗೆ ಯಾವ ಹೊತ್ತಿಗೆಂಬುದನ್ನು ಗೋಡೆಯ ಕ್ಯಾಲೆಂಡರಿನ ಪಕ್ಕದಲ್ಲಿ ದೊಡ್ಡಕ್ಷರದಲ್ಲಿ ಬರೆದು ಅಂಟಿಸಿದರೆ ಒಳಿತು. ಅಷ್ಟಾದರೂ ಮೊದಲ ಗುರುವಾರ ಹುಡುಗ ಹೊರಗೆ ಹೋಗುವುದಿಲ್ಲ. ಬಾಗಿಲ ಕಟ್ಟೆಯ ಮೇಲೆ ಕೂತು ಒಳಗಿನ ಸದ್ದಿಗೆ ಕಿವಿ ಕೊಟ್ಟಿರುತ್ತಾನೆ. ಬಂದವರು ಆಗ ಅವನನ್ನು ಬಲವಂತವಾಗಿ ಅಟ್ಟಬಾರದು. ಪಕ್ಕದಲ್ಲಿ ಕೂತು, ಅಪ್ಪನ ವಿಷಯ ಬಿಟ್ಟು, “ನೀ ಹೆಂಗದೀ ತಮ್ಮಾ?” ಎಂದು ಒಂದು ಸಲ ಕೇಳಿ ಸುಮ್ಮನಾಗಬೇಕು, ಉತ್ತರ ಅಂದೇ ಬರಬೇಕೆಂದಿಲ್ಲ. ಎರಡನೆಯ ಗುರುವಾರ ಅವನು ಸ್ಟೇಷನ್ ರಸ್ತೆಯ ಚಹಾದಂಗಡಿಯವರೆಗೆ ಹೋಗಿ ಇಪ್ಪತ್ತು ನಿಮಿಷಕ್ಕೆ ಹಿಂದಿರುಗಿಯಾನು. ಮೂರನೆಯದಕ್ಕೆ ಹಳೆಯ ಗೆಳೆಯನೊಬ್ಬನಿಗೆ ಕರೆ ಮಾಡಿಯಾನು, ಹೊರಡುವಾಗ ರಾತ್ರಿಯ ಗುಳಿಗೆಯ ವೇಳೆಯನ್ನು ಮೂರು ಸಲ ಹೇಳುವ ಬದಲು ಎರಡೇ ಸಲ ಹೇಳಿಯಾನು.